ಎತ್ತುವ ಪೈಪು, ಇಳಿಸುವ ಪೈಪು

ಅಳಿಯ ಮಂಡಿಯೂರಿ ಕೂತು ಪೈಪಿನ ತುದಿಯನ್ನು ಒರೆಸುತ್ತಿದ್ದ ರೀತಿಯೇ ಅವಳಿಗೆ ಸರಿಬರಲಿಲ್ಲ. ಮಗುವಿನ ಮೂಗು ಒರೆಸುವವನ ಹಾಗೆ ಮೆತ್ತಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸುತ್ತಿದ್ದ. ಯಾರೋ ನೋಡುತ್ತಿದ್ದಾರೆಂದು ಗೊತ್ತಿದ್ದಾಗ ಮಾತ್ರ ಮನುಷ್ಯರು ಇಷ್ಟು ನಾಜೂಕಾಗಿ ಕೆಲಸ ಮಾಡುತ್ತಾರೆ ಎಂದುಕೊಂಡಳು. ನೋಡುತ್ತಿದ್ದವಳು ಅವಳೊಬ್ಬಳೇ. ನರ್ಸರಿಯ ಮೊದಲ ಸಾಲಿನಲ್ಲಿ ಸಸಿಗಳಿಗೆ ನೀರು ಬಿಡುವ ನೆಪದಲ್ಲಿ ನಿಂತಿದ್ದಳು. ಒಂದೇ ಕುಂಡಕ್ಕೆ ನೀರು ತುಂಬಿ, ಉಕ್ಕಿ, ತನ್ನ ಚಪ್ಪಲಿಯನ್ನು ತೋಯಿಸಿದ್ದು ಕಾಲು ತಣ್ಣಗಾದ ಮೇಲೆ ಗೊತ್ತಾಯಿತು. ಶೆಡ್ಡಿನ ಮುಂದೆ ಅವಳ ಚಿಕ್ಕ ಟ್ರ್ಯಾಕ್ಟರ್ ನಿಂತಿತ್ತು. ಅದರ ಮೂತಿಯ ಎಡಕ್ಕೊಂದು ಬಲಕ್ಕೊಂದು, ನಿನ್ನೆ ಲಾರಿಯಲ್ಲಿ ಬಂದಿಳಿದ ಹಳೆಯ ಲೋಡರಿನ ಕಬ್ಬಿಣದ ತೋಳುಗಳು. ತೋಳುಗಳ ತುದಿಗೆ ಮಣ್ಣು ಬಾಚುವ ಬಕೆಟ್ಟು, ನೆಲಕ್ಕೆ ದವಡೆ ಊರಿಕೊಂಡು. ಇಷ್ಟು ವರ್ಷ ತಾನು ಓಡಿಸಿದ ಗಾಡಿಯನ್ನು ಯಾರೋ ಎರಡು ರಟ್ಟೆ ಹಿಡಿದು ಎಳೆದೊಯ್ಯಲು ನಿಂತ ಹಾಗೆ ಕಂಡಿತು.

ನಿಮಗೆ ಅನುಕೂಲ ಆಗ್ಲಿ ಅಂತ ಅತ್ತೆ, ಎಂದಿದ್ದ ಅವನು, ಲೋಡರಿನ ಮಾತು ಮೊದಲು ಎತ್ತಿದಾಗ. ಗೊಬ್ಬರದ ರಾಶಿಯನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ನಿಮ್ಮ ಭುಜ ಹಾಳಾಯ್ತು. ಅನುಕೂಲ ಎಂಬ ಮಾತನ್ನು ಅವಳು ತನ್ನ ಜೀವನದಲ್ಲಿ ಹಲವು ಸಲ ಕೇಳಿದ್ದಳು. ಕೂತಿರುವವರನ್ನು ಎಬ್ಬಿಸಿ ಆ ಕುರ್ಚಿಯನ್ನು ಬೇರೆ ಕಡೆ ಹಾಕುವ ಮೊದಲು ಜನ ಆಡುವ ಮಾತು ಅದು. ಭುಜ ನೋಯುತ್ತಿದ್ದದ್ದು ನಿಜ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳದ ನೋವನ್ನು ಅವನು ಹೇಗೆ ಕಂಡ? ಅಂದರೆ ಗಮನಿಸುತ್ತಿದ್ದಾನೆ. ಗಿರಾಕಿಯೊಬ್ಬ ಮೊನ್ನೆ ಬಂದು ಇಲ್ಲಿ ಯಜಮಾನರು ಯಾರು ಎಂದು ಕೇಳಿದಾಗ, ಇವರೇ ಎಂದು ಅವಳ ಕಡೆ ತೋರಿಸುವ ಬದಲು, ಏನು ಬೇಕಿತ್ತು ಹೇಳಿ ಎಂದುಬಿಟ್ಟಿದ್ದ. ಅವಳು ಪಕ್ಕದಲ್ಲೇ ಕೈಯಲ್ಲಿ ಮಣ್ಣು ಹಿಡಿದು ನಿಂತಿದ್ದಳು. ಗಿರಾಕಿ ಅವಳನ್ನು ಕೂಲಿಯವಳೆಂದು ತಿಳಿದು, ಅಮ್ಮ ಸ್ವಲ್ಪ ಆ ಗಿಡ ಎತ್ತಿಕೊಡು ಅಂದ. ಅವಳು ಎತ್ತಿಕೊಟ್ಟಳು. ಎತ್ತಿಕೊಡುವಾಗ ಅಳಿಯನ ಮುಖ ನೋಡಿದಳು. ಅವನು ಬೇರೆಲ್ಲೋ ನೋಡುತ್ತಿದ್ದ. ನಗು ಬಂದವರು ಹಾಗೆ ಬೇರೆಲ್ಲೋ ನೋಡುತ್ತಾರೆ.

“ಅತ್ತೆ, ಇಲ್ಲಿ ಬನ್ನಿ ಒಂದ್ನಿಮಿಷ,” ಎಂದು ಕರೆದ. ನಲ್ಲಿ ನಿಲ್ಲಿಸಿ ಹೋದಳು. “ಈ ನಾಲ್ಕು ಪೈಪು ನೋಡಿ. ಎರಡು ತೋಳನ್ನ ಎತ್ತೋಕೆ, ಇಳಿಸೋಕೆ. ಇನ್ನೆರಡು ಬಕೆಟ್ಟನ್ನ ಮಗುಚೋಕೆ, ನೆಟ್ಟಗೆ ಮಾಡೋಕೆ. ಟ್ರ್ಯಾಕ್ಟರಿನ ಎಣ್ಣೇನೇ ಇದರೊಳಗೆ ಹೋಗಿ ತಳ್ಳೋದು.”

“ಗೊತ್ತು,” ಅಂದಳು. ಗೊತ್ತಿರಲಿಲ್ಲ.

“ಪೈಪು ಸಿಕ್ಕಿಸೋಕೆ ಮುಂಚೆ ಎಂಜಿನ್ ನಿಲ್ಲಿಸಿ, ಈ ಲಿವರನ್ನ ನಾಲ್ಕೂ ಕಡೆ ಆಡಿಸ್ಬೇಕು. ಒಳಗೆ ಕೂತಿರೋ ಒತ್ತಡ ಬಿಟ್ಕೊಳ್ಳುತ್ತೆ. ಇಲ್ದಿದ್ರೆ ಎಷ್ಟು ಒದ್ದಾಡಿದ್ರೂ ಸಿಕ್ಕಲ್ಲ, ಸಿಕ್ಕಿದ್ದು ಬಿಚ್ಚಲ್ಲ.”

ಒಳಗೆ ಕೂತಿರುವ ಒತ್ತಡ ಎಂದಾಗ ತನ್ನ ಕಡೆ ನೋಡಿದನೇ? ನೋಡಿದ ಹಾಗಿತ್ತು. ಬಾಯಲ್ಲಿ ಅವನಿಗೆ ನೀವು ಎನ್ನುತ್ತಿದ್ದಳು, ಮನಸ್ಸಿನಲ್ಲಿ ಅವನು ಯಾವಾಗಲೂ ಅವನೇ. ಲಿಫ್ಟು ರಿಪೇರಿಯ ಕಂಪನಿಯಲ್ಲಿದ್ದವನು ಕೆಲಸ ಬಿಟ್ಟು ಹೆಂಡತಿಯ ಜೊತೆ ಇಲ್ಲಿಗೆ ಬಂದು ನಿಂತಾಗ ಯಾಕೆ ಎಂದು ಕೇಳಿದ್ದಕ್ಕೆ, ಇಡೀ ದಿನ ಮೇಲೆ ಕೆಳಗೆ, ಮೇಲೆ ಕೆಳಗೆ, ಬೇಜಾರಾಯ್ತು ಅತ್ತೆ ಎಂದು ನಕ್ಕಿದ್ದ. ಮಗಳೂ ನಕ್ಕಿದ್ದಳು. ಇಬ್ಬರೂ ಒಟ್ಟಿಗೆ ನಕ್ಕ ನಗು ಮೊದಲೇ ಹೊಂದಿಸಿಕೊಂಡು ಬಂದ ಹಾಗಿತ್ತು. ಬೇಜಾರಾಯಿತೆಂದು ಯಾರಾದರೂ ಕೆಲಸ ಬಿಡುತ್ತಾರೆಯೇ? ಬಿಡಿಸಿರುತ್ತಾರೆ. ಅವಳ ಗಂಡ ಬದುಕಿದ್ದರೆ, ನಿನಗೆ ಹಗ್ಗ ಕಂಡರೂ ಹಾವು, ಹಾವು ಕಂಡರೆ ಮಾತ್ರ ಹಗ್ಗ ಎಂದು ಹಾಸ್ಯ ಮಾಡುತ್ತಿದ್ದ. ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆಯನ್ನು ಮದುವೆಯ ಮಾತುಕತೆಯಲ್ಲೇ ಹೇಳಿ ಬೀಗರನ್ನು ನಗಿಸಿದವನು ಅವನು. ಅವಳಿಗೆ ಆ ಗಾದೆಯಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಅಳಿಯನಾಗಿ ಬಂದು ಊಟ ಮಾಡಿ ಹೋಗುತ್ತಿದ್ದವನು ಬೇರೆ. ಮಗಳ ಗಂಡನಾಗಿ ಮನೆಯಲ್ಲಿ ಉಳಿದುಕೊಂಡವನು ಬೇರೆ. ಒಬ್ಬನೇ ಎನ್ನುವವರು ಒಂದೇ ಬಚ್ಚಲುಮನೆಯನ್ನು ಅವನ ಜೊತೆ ಹಂಚಿಕೊಂಡು ನೋಡಲಿ.

ಈಗ ಅವನು ಪೈಪುಗಳನ್ನು ಒಂದೊಂದಾಗಿ ಸಿಕ್ಕಿಸತೊಡಗಿದ. ಸೀಟಿನ ಪಕ್ಕದಲ್ಲಿ ಲಿವರಿನ ಬುಡಕ್ಕೆ ನಾಲ್ಕು ಕಬ್ಬಿಣದ ಬಾಯಿಗಳಿದ್ದವು, ಒಂದೊಂದಕ್ಕೂ ಒಂದೊಂದು ಬಣ್ಣದ ಮುಚ್ಚಳ. ಪೈಪುಗಳ ಕತ್ತಿಗೂ ಬಣ್ಣದ ಟೇಪು ಸುತ್ತಿತ್ತು: ಕೆಂಪು, ನೀಲಿ, ಹಳದಿ, ಹಸಿರು. ಬಾಯಿಯ ಸುತ್ತಲಿನ ಉಂಗುರವನ್ನು ಹಿಂದಕ್ಕೆಳೆದು ಪೈಪಿನ ತುದಿ ಒತ್ತಿದರೆ ಟಕ್ ಎನ್ನುತ್ತಿತ್ತು. ಹಳದಿ ಹಳದಿಗೆ, ಹಸಿರು ಹಸಿರಿಗೆ. ಆಮೇಲೆ ಅವನು ಕೆಂಪು ಟೇಪಿನ ಪೈಪನ್ನು ಹಿಡಿದು, ಒಂದು ಕ್ಷಣವೂ ಅನುಮಾನಿಸದೆ, ನೀಲಿ ಬಾಯಿಗೆ ಒತ್ತಿದ. ಟಕ್. ನೀಲಿಯದನ್ನು ಕೆಂಪು ಬಾಯಿಗೆ. ಟಕ್. ಅವಳು ನೋಡಿದಳು. ಕಣ್ಣಿದ್ದವರು ಯಾರೂ ಮಾಡದಂಥ ತಪ್ಪು. ಕೇಳಬೇಕೆಂದು ಬಾಯಿ ತೆರೆದಳು. ಹೋದ ತಿಂಗಳು ಪಂಪಿನ ವಿಷಯದಲ್ಲಿ ಹೀಗೇ ಕೇಳಿದ್ದಕ್ಕೆ, ಕೂತು, ಕಡ್ಡಿಯಲ್ಲಿ ನೆಲದ ಮೇಲೆ ಚಿತ್ರ ಬರೆದು, ಒಂದನೇ ತರಗತಿಯ ಮಗುವಿಗೆ ಹೇಳುವ ಹಾಗೆ ಹೇಳಿಕೊಟ್ಟಿದ್ದ. ಅಮ್ಮಾ, ಅವ್ರಿಗೆ ಗೊತ್ತಿರುತ್ತೆ ಬಿಡು ಎಂದಿದ್ದಳು ಮಗಳು, ಬಟ್ಟೆ ಒಣಗಿಸುತ್ತ. ಬಾಯಿ ಮುಚ್ಚಿಕೊಂಡಳು.

“ಪಿನ್ನಿಗೆ ಹಾಕೋ ಕ್ಲಿಪ್ಪು ಒಂದು ಕಮ್ಮಿ ಇದೆ,” ಎಂದು ಅವನು ಎದ್ದು ಕೈ ಒರೆಸಿಕೊಂಡ. “ಅಂಗಡಿಗೆ ಹೋಗಿ ಬರ್ತೀನಿ. ಅಲ್ಲೀವರೆಗೆ ಯಾರೂ ಏನೂ ಮುಟ್ಟಬೇಡಿ.”

ಯಾರೂ ಎಂದರೆ ಯಾರು? ಮಗಳು ಒಳಗೆ ಅಡುಗೆ ಮಾಡುತ್ತಿದ್ದಳು, ಕೆಲಸದವರಿಗೆ ಇವತ್ತು ರಜೆ. ಉಳಿದವಳು ಒಬ್ಬಳೇ, ಒಬ್ಬಳಿಗೆ ಹೇಳುವುದನ್ನು ಯಾರೂ ಎಂದು ಸುತ್ತಿ ಹೇಳಿ ಹೋಗಿದ್ದ. ಸ್ಕೂಟರಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಗೋಡೆಯಾಚೆಯಿಂದ ಕೇಳಿದ ಒಂದು ಮಾತು ನೆನಪಾಯಿತು. ಹೋದ ವಾರ, ಮಗಳದೋ ಅವನದೋ ಗೊತ್ತಾಗದ ಪಿಸುದನಿ: ಅಮ್ಮ ಇನ್ನೂ ಎಷ್ಟು ದಿನ ಅಂತ... ಮುಂದಿನದನ್ನು ಬಚ್ಚಲಿನ ಬಕೆಟ್ಟಿಗೆ ಬೀಳುತ್ತಿದ್ದ ನೀರು ನುಂಗಿತ್ತು. ಎಷ್ಟು ದಿನ ಅಂತ ಏನು? ಓಡಿಸುತ್ತಾಳೆ? ಇರುತ್ತಾಳೆ? ಆ ವಾಕ್ಯದ ಬಾಲವನ್ನು ಅವಳು ಆಮೇಲೆ ದಿನಕ್ಕೊಂದು ಥರ ಕಟ್ಟಿದ್ದಳು. ಈಗ ಹೊಸದೊಂದು ಹೊಳೆಯಿತು. ಪೈಪು ತಿರುವಿಟ್ಟರೆ ಲಿವರು ಉಲ್ಟಾ ಕೆಲಸ ಮಾಡುತ್ತದೆ. ಎತ್ತು ಎಂದರೆ ಇಳಿಯುತ್ತದೆ. ಅದರ ಗುಟ್ಟು ಅವನಿಗೆ ಮಾತ್ರ ಗೊತ್ತು. ಅವಳು ಹತ್ತಿ ಕೂತರೆ ಗಾಡಿ ಮಾತು ಕೇಳುವುದಿಲ್ಲ, ಅವನು ಕೂತರೆ ಕೇಳುತ್ತದೆ. ನೋಡಿದ್ಯಾ, ಅಮ್ಮನಿಗೆ ಇದೆಲ್ಲ ಆಗಲ್ಲ ಎಂದು ಅವನು ಮೆತ್ತಗೆ, ನೋವಿನಿಂದ ಹೇಳುವುದು ಕಿವಿಯಲ್ಲೇ ಕೇಳಿಸಿತು.

ಎರಡೇ ಪೈಪು. ಉಂಗುರ ಹಿಂದಕ್ಕೆಳೆದರೆ ಕೈಗೆ ಬಂತು. ಒತ್ತಡ ಬಿಡಿಸಿಟ್ಟಿದ್ದ, ಅವನೇ. ಒಂದೆರಡು ಹನಿ ಎಣ್ಣೆ ಹೆಬ್ಬೆರಳ ಮೇಲೆ ಇಳಿಯಿತು. ಕೆಂಪನ್ನು ಕೆಂಪಿಗೆ, ನೀಲಿಯನ್ನು ನೀಲಿಗೆ. ಟಕ್, ಟಕ್. ಸದ್ದು ಎಷ್ಟು ಚಿಕ್ಕದೆಂದರೆ, ಇಷ್ಟಕ್ಕೆ ಎದೆ ಇಷ್ಟು ಹೊಡೆದುಕೊಳ್ಳಬೇಕೇ ಎಂದು ತನ್ನ ಮೇಲೇ ಬೇಸರವಾಯಿತು. ತಪ್ಪನ್ನು ತಿದ್ದಿದ್ದೇನೆ, ಅಷ್ಟೇ. ಅವಳು ಹೊಸದಾಗಿ ಬಂದ ಸೊಸೆಯಾಗಿದ್ದಾಗ, ಅತ್ತೆಯಾದವಳು ಅವಳು ಮುಚ್ಚಿಟ್ಟ ಪ್ರತಿ ಪಾತ್ರೆಯ ಮುಚ್ಚಳವನ್ನೂ ಮತ್ತೆ ತೆಗೆದು, ಮೂಸಿ, ಬೇರೆ ಥರ ಮುಚ್ಚುತ್ತಿದ್ದಳು. ಆ ಮುಚ್ಚಳದ ಸದ್ದಿಗೆ ಅವಳು ಎಷ್ಟು ರಾತ್ರಿ ಅತ್ತಿದ್ದಳು. ಆ ನೆನಪು ಈಗ ಯಾಕೆ ಬಂತೋ, ಬಂದದ್ದನ್ನು ಆಚೆ ತಳ್ಳಿ ಕುಂಡಗಳ ಕಡೆ ಹೋದಳು.

ಅವನು ಬಂದ. ಪೈಪುಗಳ ಕಡೆ ನೋಡಲೂ ಇಲ್ಲ. ತಾನು ಮಾಡಿದ ಕೆಲಸವನ್ನು ಮತ್ತೆ ನೋಡಬೇಕಾಗಿಲ್ಲದವನ ನಡಿಗೆ. ಇನ್ನು ಎಂಜಿನ್ ಹಚ್ಚಿ, ಲಿವರಿನಿಂದ ತೋಳುಗಳನ್ನು ಚೂರು ಚೂರೇ ಆಡಿಸಿ, ತೋಳಿನ ಹಿಂತುದಿಯ ಕಂಬದ ತೂತನ್ನೂ ಟ್ರ್ಯಾಕ್ಟರಿಗೆ ಬಿಗಿದ ದಪ್ಪ ತಗಡಿನ ತೂತನ್ನೂ ಒಂದಕ್ಕೊಂದು ಕೂಡಿಸಿ, ಪಿನ್ನು ಹಾಕಬೇಕು. ಈ ಕಡೆ ಒಂದು, ಆ ಕಡೆ ಒಂದು. ಅವಳು ಕೈ ತೊಳೆದುಕೊಂಡು ಸೀಟಿನ ಕಡೆ ಹೊರಟಿದ್ದಳು. ಅದು ಅವಳ ಜಾಗ, ಯೋಚಿಸಬೇಕಾಗಿಯೇ ಇರಲಿಲ್ಲ.

“ಅತ್ತೆ, ನೀವು ದೂರ ನಿಂತ್ಕೊಳ್ಳಿ. ಮೊದಲ ಸಲ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಷ್ಟ,” ಎಂದು ಹೇಳಿ ಅವನು ಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದ. ಮಗಳು ಕೈ ಒರೆಸಿಕೊಳ್ಳುತ್ತ ಬಂದಳು. ಒಂದು ದಿನವೂ ಟ್ರ್ಯಾಕ್ಟರ್ ಹತ್ತದವಳು, ಅಯ್ಯೋ ನನಗೆ ಇದೆಲ್ಲ ಬರಲ್ಲ ರೀ ಎನ್ನುತ್ತ ನಗುತ್ತ ಹತ್ತಿ, ತಾಯಿಯ ಮೈಯಿಂದ ಗುಳಿ ಬಿದ್ದ ಸೀಟಿನಲ್ಲಿ ಕೂತಳು. ತಾಯಿ ಗೊಬ್ಬರದ ರಾಶಿಯ ಹತ್ತಿರ ಹೋಗಿ ನಿಂತಳು. ಕೈಗೆ ಏನಾದರೂ ಬೇಕಿತ್ತು, ಸಲಿಕೆ ಹಿಡಿದುಕೊಂಡಳು. ಆ ಹೊತ್ತಿಗೆ ಹೇಳಬಹುದಿತ್ತು. ಹೇಳಬೇಕಾದ್ದೇನಿದೆ, ಬಣ್ಣಕ್ಕೆ ಬಣ್ಣ ಸರಿಯಾಗಿದೆಯಲ್ಲ ಎಂದುಕೊಂಡಳು. ಜೊತೆಗೆ, ಸುಳ್ಳೇಕೆ, ಲಿವರು ಸರಿಯಾಗಿ ಕೆಲಸ ಮಾಡಿ ಅವನ ಮುಖ ಬೆಪ್ಪಾಗುವುದನ್ನು ನೋಡುವ ಆಸೆಯೂ ಇತ್ತು.

ಎಂಜಿನ್ ಹತ್ತಿತು. ಅವನು ಎಡಗಡೆಯ ಕಂಬದ ಪಕ್ಕ ಬಗ್ಗಿ ನಿಂತು, “ಒಂದ್ಚೂರು ಎತ್ತು. ಹಿಂದಕ್ಕೆಳಿ. ಚೂರೇ,” ಅಂದ. ಮಗಳು ಲಿವರು ಎಳೆದಳು. ಅಷ್ಟರಲ್ಲಿ ಅವನ ಕೈಯಿಂದ ಪಿನ್ನು ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲು ತಲೆ ತಗ್ಗಿಸಿದ. ಕಂಬ ಅಲ್ಲಾಡಿದ್ದನ್ನು ಕಂಡವಳು ಅವಳೊಬ್ಬಳೇ. ಅದು ಏಳಲಿಲ್ಲ. ಕೂದಲೆಳೆಯಷ್ಟು ಕೆಳಗಿಳಿಯಿತು. ಹಾಗಾದರೆ ಅವನು ಸಿಕ್ಕಿಸಿದ್ದೇ ಸರಿಯಿತ್ತು. ಈ ವಾಕ್ಯ ಅವಳ ತಲೆಯೊಳಗೆ ಬಹಳ ನಿಧಾನವಾಗಿ, ಒಂದೊಂದೇ ಪದವಾಗಿ ಬಂತು. ಅವನು ಎದ್ದು, ಇನ್ನೆಷ್ಟು ಸಾಲದೆಂದು ನೋಡಲು ತೂತಿನೊಳಗೆ ಎರಡು ಬೆರಳಿಟ್ಟು ಸವರಿದ. ಕಂಬ ಮೇಲೆದ್ದರೆ ತೂತು ಅಗಲವಾಗುತ್ತದೆ, ಬೆರಳಿಗೆ ಏನೂ ಆಗುವುದಿಲ್ಲ. ಅದು ಏಳುತ್ತದೆಂದು ಅವನಿಗೆ ಗೊತ್ತಿತ್ತು, ಪೈಪು ಸಿಕ್ಕಿಸಿದವನು ಅವನು. “ಇನ್ನೊಂದ್ಚೂರು,” ಅಂದ. ಅವಳ ಬಾಯಿ ತೆರೆದಿತ್ತು. ಗಂಟಲಲ್ಲಿ ದನಿ ಇತ್ತು. ಆ ದನಿಗಿಂತ ಮುಂದೆ ಇನ್ನೊಂದು ಯೋಚನೆ ಅಡ್ಡ ಬಂದು ನಿಂತಿತು: ಕೂಗಿದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಆ ಯೋಚನೆ ಅಲ್ಲಿ ನಿಂತಿತ್ತು, ಅಷ್ಟೇ.

ಕಂಬ ಕತ್ತರಿಯ ಅಲಗಿನ ಹಾಗೆ ಇಳಿಯಿತು. ಅವನು ಕಿರಿಚಲಿಲ್ಲ, ಹೊಟ್ಟೆಯೊಳಗಿಂದ ಹಂ ಎಂಬಂಥ ಒಂದು ಸದ್ದು ಬಂತು. ಮಗಳು ಲಿವರು ಬಿಟ್ಟು ಎರಡೂ ಕೈ ಕೆನ್ನೆಗೆ ಒತ್ತಿಕೊಂಡಳು. “ಮುಂದಕ್ಕೆ ತಳ್ಳು,” ಎಂದು ತಾಯಿ ಕೂಗಿದಳು, “ಇಳಿಸೋ ಕಡೆ ತಳ್ಳೇ, ಇಳಿಸೋ ಕಡೆ.” ಮಗಳು ತಳ್ಳಿದಳು. ಕಂಬ ಮೇಲೆದ್ದಿತು. ಅವನು ಕೈ ಎಳೆದುಕೊಂಡು ಹೊಟ್ಟೆಗೆ ಅವುಚಿ ನೆಲಕ್ಕೆ ಕೂತ. ಎಡಗೈಯ ತೋರುಬೆರಳು, ಅದರ ಪಕ್ಕದ್ದು. ಉಗುರುಗಳು ಉಗುರಿನ ಆಕಾರದಲ್ಲಿರಲಿಲ್ಲ.

ಆಮೇಲೆ ಎಲ್ಲವೂ ಒಟ್ಟಿಗೆ ನಡೆದವು. ಮಗಳು ಎಂಜಿನ್ ನಿಲ್ಲಿಸಿ ಇಳಿದು ಓಡಿದಳು, ಬಟ್ಟೆ ಹರಿದು ಸುತ್ತಿದಳು, ನಾನು ಏನು ಮಾಡಿದೆ, ಹಿಂದಕ್ಕೇ ಎಳೆದೆನಲ್ಲ, ನೀವು ಹೇಳಿದ ಹಾಗೇ ಎಳೆದೆನಲ್ಲ ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ಪೈಪುಗಳ ಕಡೆ ನೋಡಿದ. ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಬಹಳ ಹೊತ್ತು ನೋಡಿದ ಹಾಗೆ ಅನ್ನಿಸಿತು. ಆಮೇಲೆ ಅವನ ಕಣ್ಣು ಸಲಿಕೆ ಹಿಡಿದಿದ್ದ ಅವಳ ಕೈಯ ಮೇಲೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳೂ ತನ್ನ ಕೈ ನೋಡಿಕೊಂಡಳು. ತೊಳೆದರೂ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಗೆರೆ ಉಳಿದಿತ್ತು.

“ನಿನ್ ತಪ್ಪಲ್ಲ,” ಎಂದ ಅವನು ಹೆಂಡತಿಗೆ. “ನಾನೇ ಪೈಪು ಅದಲುಬದಲು ಸಿಕ್ಕಿಸಿರ್ಬೇಕು.”

ಪಕ್ಕದ ಅಂಗಡಿಯವನ ಕಾರಿನಲ್ಲಿ ಅವರಿಬ್ಬರೂ ಆಸ್ಪತ್ರೆಗೆ ಹೋದರು. ನೀನು ಇಲ್ಲೇ ಇರಮ್ಮ ಎಂದಳು ಮಗಳು, ಬಾಗಿಲು ಹಾಕಿಕೊಳ್ಳುತ್ತ. ಸಿಕ್ಕಿಸಿರ್ಬೇಕು. ಸಿಕ್ಕಿಸಿದೆ ಅನ್ನಲಿಲ್ಲ, ಸಿಕ್ಕಿಸಿರ್ಬೇಕು ಅಂದ. ಅವಳು ಗೇಟಿನ ಹತ್ತಿರ ನಿಂತು ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ನಿಜವಾಗಿಯೂ ತನ್ನ ಮೇಲೇ ಅನುಮಾನಪಟ್ಟನೇ? ನೋವಿನಲ್ಲಿ ಜನರಿಗೆ ನೆನಪು ಕಲಸಿಹೋಗುತ್ತದೆ. ಹಾಗಿದ್ದರೆ ಕೈ ಯಾಕೆ ನೋಡಿದ? ಗೊತ್ತಾಗಿ, ಗೊತ್ತಿಲ್ಲದವನ ಹಾಗೆ ಹೇಳಿದ. ಯಾಕೆ ಹೇಳಿದ? ಒಳ್ಳೆಯವನೆಂದು ಒಂದು ಯೋಚನೆ ಬಂತು. ಅದು ಬಂದ ಹಾಗೇ ಅದರ ಹಿಂದೆ ಇನ್ನೊಂದು ಬಂತು. ಇನ್ನು ಮೇಲೆ ಅವನ ಮಾತಿಗೆ ಎದುರಾಡುವಂತಿಲ್ಲ. ಊಟದ ತಟ್ಟೆಯ ಮುಂದೆ, ಗಿರಾಕಿಯ ಮುಂದೆ, ಮಗಳ ಮುಂದೆ, ಆ ಎರಡು ಬೆರಳು ಯಾವಾಗಲೂ ಅವಳೆದುರು ಇರುತ್ತವೆ. ಅವನು ಏನೂ ಹೇಳಬೇಕಾಗಿಲ್ಲ, ತೋರಿಸಬೇಕಾಗಿಯೂ ಇಲ್ಲ. ಬಯ್ದಿದ್ದರೆ ಬಯ್ದದ್ದು ಮುಗಿದು ಹೋಗುತ್ತಿತ್ತು. ಬಯ್ಯದೆ ಬಿಟ್ಟವರು ತಮ್ಮ ಹತ್ತಿರ ಏನೋ ಇಟ್ಟುಕೊಂಡಿರುತ್ತಾರೆ. ಹೀಗೆ ಯೋಚಿಸುತ್ತಿದ್ದೇನಲ್ಲ, ಅವನ ರಕ್ತ ಇನ್ನೂ ನೆಲದಲ್ಲಿ ಒಣಗಿಲ್ಲವಲ್ಲ ಎಂದು ಅನ್ನಿಸಿ, ಗೇಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಶೆಡ್ಡಿನ ಮುಂದೆ ಬಂದು ಕೆಂಪು ಟೇಪಿನ ಪೈಪಿನ ಮೇಲೆ ಬೆರಳಿಟ್ಟಳು. ಬೆರಳನ್ನು ಎತ್ತದೆ ಪೈಪಿನ ಜೊತೆಗೇ ನಡೆದಳು. ಅದು ಸೀಟಿನ ಪಕ್ಕದಿಂದ ಹೊರಟು, ತೋಳಿನ ಒಳಮೈಗೆ ಅಂಟಿಕೊಂಡು, ಒಂದು ಪಟ್ಟಿಯೊಳಗೆ ನುಸುಳಿ, ಎಣ್ಣೆ ಜಿಡ್ಡಿನ ಕೆಳಗೆ ಮಾಯವಾಗಿ ಮತ್ತೆ ಕಾಣಿಸಿಕೊಂಡು, ತೋಳನ್ನು ಎತ್ತುವ ಉದ್ದನೆಯ ಸಿಲಿಂಡರಿನ ಮೇಲ್ತುದಿಗೆ ಸೇರಿತು. ನೀಲಿಯದು ಅದರ ಬುಡಕ್ಕೆ. ಬುಡಕ್ಕೆ ಎಣ್ಣೆ ಹೋದರೆ ತಾನೇ ಮೇಲಕ್ಕೆ ತಳ್ಳುವುದು. ಅಷ್ಟು ಅವಳಿಗೂ ಹೊಳೆಯಿತು. ಯಾವನೋ ಹಿಂದಿನವನು ಹಳೆಯ ಟೇಪು ಕಿತ್ತುಹೋದಾಗ ಕೈಗೆ ಸಿಕ್ಕ ಬಣ್ಣ ಸುತ್ತಿದ್ದ. ನಿನ್ನೆ ಸಂಜೆ ಅಳಿಯ ಈ ತೋಳುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರುತ್ತ ಓಡಾಡಿದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಸಂತೆಯಲ್ಲಿ ಎಮ್ಮೆ ಕೊಂಡವನ ಹಾಗೆ ಸವರುತ್ತಿದ್ದಾನೆ, ಆಗಲೇ ತನ್ನದಾಯಿತು ಅಂದುಕೊಂಡಿದ್ದಾನೆ ಎಂದು ಹಲ್ಲು ಕಚ್ಚಿದ್ದಳು. ಅವನು ಪೈಪಿನ ದಾರಿ ಹುಡುಕುತ್ತಿದ್ದ. ಅವಳು ಈಗ ಹುಡುಕಿದ ಹಾಗೆ.

ಅವರು ಬರುವಷ್ಟರಲ್ಲಿ ಮತ್ತೆ ಬದಲಾಯಿಸಿಟ್ಟರೆ? ಉಂಗುರ ಹಿಡಿದು ಎಳೆದಳು. ಬರಲಿಲ್ಲ. ಒದ್ದೆ ಬಟ್ಟೆ ಸುತ್ತಿ ಎಳೆದಳು, ಭುಜದಿಂದ ಕತ್ತಿನವರೆಗೆ ನೋವು ಹೊಡೆಯಿತು, ಉಂಗುರ ಅಲ್ಲಾಡಲಿಲ್ಲ. ಸಿಕ್ಕಿದ್ದು ಬಿಚ್ಚಲ್ಲ. ಎಂಜಿನ್ ಗಡಿಬಿಡಿಯಲ್ಲಿ ನಿಂತಿತ್ತು, ಒಳಗೆ ಒತ್ತಡ ಕೂತಿತ್ತು. ಬಿಡಿಸುವ ಉಪಾಯವನ್ನೂ ಅವನೇ ಬೆಳಿಗ್ಗೆ ಹೇಳಿಕೊಟ್ಟಿದ್ದ. ಲಿವರಿನ ಮೇಲೆ ಕೈಯಿಟ್ಟಳು. ಆಗ ಅನ್ನಿಸಿತು: ಅವರು ಬಂದಾಗ ಪೈಪು ಸರಿಯಾಗಿದ್ದರೆ ಯಾರ ಕೈ ಎಂಬುದಕ್ಕೆ ಸಾಕ್ಷಿಯೇ ಬೇಡ, ಹೀಗೇ ತಪ್ಪಾಗಿ ಬಿಟ್ಟರೆ ಅವನು ತನ್ನದೇ 'ಸಿಕ್ಕಿಸಿರ್ಬೇಕು' ಎಂಬ ಮಾತನ್ನು ಕೊನೆಗೆ ನಂಬಿಯೂ ನಂಬಬಹುದು. ಲಿವರಿನಿಂದ ಕೈ ತೆಗೆದಳು. ಬೇರೆ ಯಾವುದಾದರೂ ಕಾರಣಕ್ಕೆ ಕೈ ತೆಗೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತ ಶೆಡ್ಡಿನ ಗೋಡೆಗೊರಗಿ ಕೂತಳು. ಒಳಗೆ ಒಲೆಯ ಮೇಲೆ ಮಗಳು ಬಿಟ್ಟುಹೋದದ್ದು ಸೀದ ವಾಸನೆ ಬರುವವರೆಗೆ ಕೂತಿದ್ದಳು.

ಅವರು ಬಂದಾಗ ಬಿಸಿಲು ಇಳಿದಿತ್ತು. ಒಂದು ಬೆರಳಿನ ಮೂಳೆ ಬಿರುಕು ಬಿಟ್ಟಿದೆ, ಇನ್ನೊಂದರ ಉಗುರು ತೆಗೆದಿದ್ದಾರೆ, ಬೆರಳು ಉಳಿಯುತ್ತೆ ಅಂದ್ರು ಎಂದು ಮಗಳು ಹೇಳಿದಳು. ಅವನ ಎಡಗೈ ಬಿಳಿಯ ಗಂಟಾಗಿತ್ತು. ಒಳಗೆ ಹೋಗಿ ಮಲಗುತ್ತಾನೆಂದುಕೊಂಡರೆ, ಅವನು ನೇರ ಟ್ರ್ಯಾಕ್ಟರಿನ ಹತ್ತಿರ ಬಂದ.

“ಹೀಗೆ ಬಿಡೋಕಾಗಲ್ಲ,” ಅಂದ. “ತೋಳು ಅರ್ಧ ಸಿಕ್ಕಿ ಅರ್ಧ ಸಿಕ್ಕದೆ ನಿಂತಿದೆ. ಯಾರಾದ್ರೂ ಎಡವಿದ್ರೆ ಮೈಮೇಲೆ ಬರುತ್ತೆ. ಎರಡು ಪಿನ್ನು ಹಾಕಿಬಿಡೋಣ.”

“ನಾಳೆ ಮಾಡಿದ್ರಾಯ್ತು,” ಎಂದಳು ಮಗಳು.

ಅವನು ಬಲಗೈಯಲ್ಲಿ ಲಿವರನ್ನು ನಾಲ್ಕೂ ಕಡೆ ಆಡಿಸಿದ. ಒಳಗೆಲ್ಲೋ ಪುಸ್ ಎಂದಿತು. ಆಮೇಲೆ, ಅವಳ ಕಡೆ ತಿರುಗದೆ, “ಅತ್ತೆ, ಆ ಎರಡು ಪೈಪು ನೀವೇ ಬದಲಾಯಿಸಿಬಿಡಿ. ಒಂದು ಕೈಯಲ್ಲಿ ನನಗಾಗಲ್ಲ. ಯಾವುದು ಅಂತ ನಿಮಗೆ ಗೊತ್ತಲ್ಲ,” ಅಂದ.

ಅವಳು ಎದ್ದಳು. ಬಂದಳು. ಉಂಗುರ ಈಗ ಸಲೀಸಾಗಿ ಸರಿಯಿತು. ಯಾವುದು ಅಂತ ನಿಮಗೆ ಗೊತ್ತಲ್ಲ. ಎಷ್ಟು ಮೆತ್ತಗೆ ಹೇಳಿದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಎರಡೂ ಕಡೆ ಬೆಳಕು ಬೀಳುವ ಹಾಗೆ. ಮಗಳು ನೋಡುತ್ತಿದ್ದಳು. “ಅಮ್ಮಂಗೆ ಹೇಗೆ ಗೊತ್ತು?” ಎಂದು ಕೇಳಿಯೇಬಿಟ್ಟಳು. ಟಕ್. ಒಂದು ಪೈಪು ಸಿಕ್ಕಿತು.

“ಬೆಳಿಗ್ಗೆ ನಾನೇ ತೋರಿಸಿದ್ದೆ,” ಎಂದ ಅವನು.

ಇದು ಎರಡನೆಯ ಸಲ. ಇನ್ನೊಂದು ಪೈಪು ಅವಳ ಕೈಯಲ್ಲೇ ಇತ್ತು, ಅದರ ತುದಿಯಿಂದ ಎಣ್ಣೆ ಹನಿಯುತ್ತಿತ್ತು. “ಅವರು ತೋರಿಸಲಿಲ್ಲ,” ಎಂದಳು. ತನ್ನ ದನಿ ಗಿರಾಕಿಗೆ ಗಿಡದ ಬೆಲೆ ಹೇಳುವ ದನಿಯ ಹಾಗೆ ಇದ್ದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. “ಅವರು ಸರಿಯಾಗೇ ಸಿಕ್ಕಿಸಿದ್ರು. ಅಂಗಡಿಗೆ ಹೋದಾಗ ಬದಲಾಯಿಸಿದ್ದು ನಾನು. ಕಂಬ ಕೆಳಗಿಳೀತಿದೆ ಅಂತ ಮೊದಲೇ ಕಂಡಿತು. ಕೂಗೋಕೆ ತಡ ಮಾಡಿದೆ.”

ಮಗಳು ಒಂದು ಸಲ ತಾಯಿಯ ಮುಖ ನೋಡಿ, ಆಮೇಲೆ ನೆಲ ನೋಡಿ, ಮನೆಯ ಕಡೆ ನಡೆದುಬಿಟ್ಟಳು. ಮೆಟ್ಟಿಲ ಹತ್ತಿರ ನಿಂತು, ತಿರುಗದೆ, “ನೀನು ಥೇಟ್ ಅಜ್ಜಿ ಆಗಿಬಿಟ್ಟೆ ಅಮ್ಮ,” ಅಂದಳು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ದಡಾರನೆ ಹಾಕಿದ್ದರೆ ಸಹಿಸಬಹುದಿತ್ತು.

ಹೇಳಿದ ಮೇಲೆ ಹಗುರವಾಗುತ್ತದೆ ಎನ್ನುತ್ತಾರೆ. ಅವಳಿಗೆ ಹಾಗೇನೂ ಆಗಲಿಲ್ಲ. ಎರಡನೆಯ ಪೈಪನ್ನು ಸಿಕ್ಕಿಸಿ, ಬಟ್ಟೆಯಲ್ಲಿ ಒರೆಸಿ, ಕಾದಳು. “ಇರ್ಲಿ ಬಿಡಿ ಅತ್ತೆ,” ಅಂದ ಅವನು. ಆ ಮಾತಿನ ಹಿಂದೆ ಏನಿದೆಯೆಂದು ಅವಳು ಹುಡುಕಿದಳು, ಕತ್ತಲ ಕೋಣೆಯಲ್ಲಿ ಬಾಗಿಲ ಹಿಂದೆ ಕೈಯಾಡಿಸುವ ಹಾಗೆ. ಏನೂ ಸಿಗಲಿಲ್ಲ; ಸಿಗದಿದ್ದದ್ದಕ್ಕೆ ಇನ್ನಷ್ಟು ಭಯವಾಯಿತು. “ಪಿನ್ನು ನೀವು ಹಾಕ್ಬೇಕಾಗುತ್ತೆ,” ಎಂದು ಅವನು ಒಂದೇ ಕೈಯಲ್ಲಿ ಹಿಡಿದುಕೊಂಡು ಸೀಟಿಗೆ ಹತ್ತಿದ. ಎಂಜಿನ್ ಹಚ್ಚಿದ. ಅವಳ ಸೀಟಿನಲ್ಲಿ ಅವನು, ಕಂಬದ ಪಕ್ಕದಲ್ಲಿ ಅವಳು.

ಹತ್ತಿರದಿಂದ ನೋಡಿದರೆ ತೂತು ಒಂದು ಕಣ್ಣಿನ ಹಾಗಿತ್ತು, ಅರ್ಧ ರೆಪ್ಪೆ ಮುಚ್ಚಿದ ಕಣ್ಣು. ಅದರ ಅಂಚಿನಲ್ಲಿ ಕಂದುಬಣ್ಣದ ಕಲೆ ಒಣಗಿತ್ತು. ಕಲೆಯನ್ನು ಒರೆಸಲು ಕೈ ಹಾಕಿದಳು. ಎರಡು ಬೆರಳು ತೂತಿನೊಳಗೆ ಇಳಿದವು, ಅಲ್ಲೇ ಉಳಿದವು. ಕಬ್ಬಿಣ ಎಂಜಿನ್ನಿನ ಜೊತೆ ನಡುಗುತ್ತಿತ್ತು.

“ಅತ್ತೆ, ಕೈ ತೆಗೀರಿ,” ಎಂದ ಮೇಲಿನಿಂದ.

ತೆಗೆಯಲಿಲ್ಲ. ಅವನನ್ನು ಪರೀಕ್ಷೆ ಮಾಡುತ್ತಿದ್ದೇನೆಂದು ಮೊದಲು ಅಂದುಕೊಂಡಳು. ಈಗ ಗೊತ್ತಾಗುತ್ತದೆ, ಲಿವರಿನ ಮೇಲೆ ಅವನ ಕೈ ಇದೆ, ನೋಡುವವರು ಯಾರೂ ಇಲ್ಲ, ಒಳಗಿರುವುದು ಈಗ ಹೊರಗೆ ಬರುತ್ತದೆ. ತಲೆಯೆತ್ತಿ ಅವನ ಕಣ್ಣು ಹುಡುಕಿದಳು. ಅವನು ಅವಳ ಮುಖ ನೋಡುತ್ತಿರಲಿಲ್ಲ, ಬೆರಳುಗಳನ್ನೇ ನೋಡುತ್ತಿದ್ದ. ಆಗ ಅವಳಿಗೆ ತಾನು ಪರೀಕ್ಷೆ ಮಾಡುತ್ತಿಲ್ಲವೆಂದು ತಿಳಿಯಿತು. ಕಂಬ ಇಳಿಯಲಿ ಎಂದು ಅವಳು ಕಾಯುತ್ತಿದ್ದಳು. ಇಳಿದರೆ ಇಬ್ಬರೂ ಸಮ. ಎರಡು ಬೆರಳಿಗೆ ಎರಡು ಬೆರಳು. ನಾಳೆಯಿಂದ ಅವನ ಎದುರು ತಲೆಯೆತ್ತಿ ಅನುಮಾನಪಡಬಹುದು.

ಎಂಜಿನ್ ನಿಂತಿತು. ಸಂಜೆಯ ಎಲ್ಲ ಸದ್ದುಗಳೂ ಒಮ್ಮೆಗೇ ಹತ್ತಿರ ಬಂದವು: ರಸ್ತೆಯ ಬಸ್ಸು, ಎಲ್ಲೋ ಒಂದು ನಾಯಿ, ಕುಂಡಗಳಿಂದ ತೊಟ್ಟಿಕ್ಕುವ ನೀರು.

“ನೀವು ಕೈ ತೆಗೆಯೋವರೆಗೆ ನಾನು ಸ್ಟಾರ್ಟ್ ಮಾಡಲ್ಲ,” ಎಂದ ಅವನು. ದನಿಯಲ್ಲಿ ಬೆಳಗಿನ ಮೆದುತನ ಇರಲಿಲ್ಲ. “ಕತ್ತಲಾದ್ರೂ ಸರಿ, ಇಲ್ಲೇ ಕೂತಿರ್ತೀನಿ. ಏನಂದ್ಕೊಂಡಿದೀರಿ ನೀವು? ನನಗೆ ನೋವಾಗಿದೆ ಅತ್ತೆ. ತುಂಬಾ ನೋವಾಗಿದೆ. ದಾರಿ ಉದ್ದಕ್ಕೂ ನಿಮ್ಮನ್ನ ಬಯ್ಕೊಂಡು ಹೋದೆ, ಬಯ್ಕೊಂಡು ಬಂದೆ. ಅವಳೆದುರು ಬಾಯಿ ಬಿಡಲಿಲ್ಲ, ಅಷ್ಟೇ. ಅದರ ಮೇಲೆ ಈಗ ನಿಮ್ಮ ಕೈ ಬೇರೆ ನಾನು ನೋಡಬೇಕಾ?”

ಬಿಳಿಯ ಗಂಟನ್ನು ಎದೆಗೆ ಒತ್ತಿಕೊಂಡಿದ್ದ. ಅವನು ಈ ಮನೆಗೆ ಬಂದ ಮೇಲೆ ಆಡಿದ ಮಾತುಗಳಲ್ಲಿ ಇದೊಂದನ್ನು ಅವಳು ತಿರುಗಿಸಿ ನೋಡಲಿಲ್ಲ. ಆ ಸಿಟ್ಟಿಗೆ ಹಿಂದುಗಡೆ ಇರಲಿಲ್ಲ, ಇದ್ದದ್ದೆಲ್ಲ ಮುಂದೆಯೇ ಇತ್ತು. ಅದನ್ನು ಅವಳು ನಂಬಿದಳು. ಬೆರಳುಗಳನ್ನು ಹೊರಗೆಳೆದುಕೊಂಡಳು; ಅವು ಹಾಗೇ, ಇಡಿಯಾಗಿ ಇದ್ದವು.

“ಸರಳು ಕೊಡಿ,” ಎಂದಳು. “ಅದರಲ್ಲೇ ನೋಡ್ತೀನಿ ಎಷ್ಟು ಸಾಲದು ಅಂತ.”

ಅವನು ಸೀಟಿನ ಕೆಳಗಿನಿಂದ ಕಬ್ಬಿಣದ ಸರಳು ತೆಗೆದು ಕೊಟ್ಟ. ಎಂಜಿನ್ ಮತ್ತೆ ಹತ್ತಿತು. “ಚೂರು ಎತ್ತಿ,” ಎಂದಳು. ಕಂಬ ಮೇಲೆದ್ದಿತು. “ಇನ್ನೂ ಚೂರು. ಸಾಕು.” ತೂತು ತೂತಿಗೆ ಕೂಡಿ, ಆಚೆಯ ಬೆಳಕು ದುಂಡಗೆ ಕಾಣಿಸಿತು. ಪಿನ್ನು ತೂರಿಸಿ, ಸಲಿಕೆಯ ಹಿಡಿಯಲ್ಲಿ ಒಂದು ಏಟು ಕೊಟ್ಟು, ಕ್ಲಿಪ್ಪು ಹಾಕಿದಳು. ಭುಜ ನೊಂದಿತು. “ಅಮ್ಮಾ” ಎಂದಳು, ಗಟ್ಟಿಯಾಗಿಯೇ, ಅವನಿಗೆ ಕೇಳುವ ಹಾಗೆ, ಮತ್ತು ಸರಳು ಹಿಡಿದುಕೊಂಡು ಟ್ರ್ಯಾಕ್ಟರಿನ ಮೂತಿಯನ್ನು ಬಳಸಿ ಆ ಕಡೆಯ ಕಂಬಕ್ಕೆ ಹೋದಳು.